ತಳವಿಲ್ಲದ ಪೆಟ್ಟಿಗೆ

ಬೆಳ್ಮಣ್ಣಿಗೆ ತಿರುಗುವಲ್ಲಿ ವಲೇರಿಯನ್ನನ ವೆಲ್ಡಿಂಗ್ ಷೆಡ್ಡು.
ಅಂಗಳದಲ್ಲಿ ಮೂರು ಪೆಟ್ಟಿಗೆ, ಸಾಲಾಗಿ.
ಮುಚ್ಚಳ ಇಲ್ಲ, ತಳ ಇಲ್ಲ, ಮುಂದಿನ ಗೋಡೆಯೂ ಇಲ್ಲ.
ಎರಡು ಕೆನ್ನೆ, ಒಂದು ಬೆನ್ನು, ಅಡಿಗೊಂದು ಉಕ್ಕಿನ ಅಂಚು.
“ಇದಕ್ಕೆ ಪೆಟ್ಟಿಗೆ ಅಂತ ಹೆಸರಿಟ್ಟವ ಯಾರು ಮಾರಾಯ್ರೆ,
ಒಂದು ಪಾವು ಅಕ್ಕಿ ನಿಲ್ಲುವುದಿಲ್ಲ”
ಅಂದ ಮೊಯಿದ್ದಿನಬ್ಬ.

ಇಪ್ಪತ್ತಾರು ವರ್ಷ ನನ್ನ ಬಸ್ಸಿನ ಕಂಡಕ್ಟರ್ ಅವ.
ಉಡುಪಿ, ಮಂಗಳೂರು, ತಿರುಗಿ ಉಡುಪಿ.
ಪಡುಬಿದ್ರಿಯಲ್ಲಿ ಒಂದು ನಿಮಿಷ ತಡವಾದರೆ
ಹಿಂದಿನವ ಓವರ್‌ಟೇಕ್ ಮಾಡಿ ನಮ್ಮ ಜನ ಬಾಚಿಕೊಳ್ಳುತ್ತಿದ್ದ.
ಈಗ ಇಬ್ಬರ ಪಾಲಿನದೊಂದು ಸೆಕೆಂಡ್‌ಹ್ಯಾಂಡ್ ಟ್ರ್ಯಾಕ್ಟರು,
ಇಪ್ಪತ್ತನಾಲ್ಕು ಕುದುರೆಯದು, ಬಾನೆಟ್ಟಿನ ಬಣ್ಣ ಹೋದದ್ದು.
ಮಳೆ ಬಿಟ್ಟ ಮೇಲೆ ಶಿರ್ವದ ಸುತ್ತಿನ ಓಣಿಗಳೆಲ್ಲ
ಮುರಕಲ್ಲಿನ ಹಲ್ಲು ಕಿರಿದು ಕೂತಿರುತ್ತವೆ.
ಕೆಲಸಕ್ಕೆ ಬರ ಇಲ್ಲ.

ಐದಡಿಯದು ಚಂದ ಕಂಡಿತು ನನಗೆ.
ಹಳದಿ ಬಣ್ಣ, ಬಸ್ಸಿನ ಬಂಪರಿನ ಹಾಗೆ ಎದೆ ಉಬ್ಬಿಸಿ.
ವಲೇರಿಯನ್ ಮಾತಾಡಲಿಲ್ಲ. ಟ್ರ್ಯಾಕ್ಟರನ್ನು
ನಲ್ಲಿಯ ಕೆಳಗಿನ ಕೆಸರಿನಲ್ಲಿ ಒಮ್ಮೆ ಓಡಿಸಲು ಹೇಳಿ
ಹಿಂದಿನ ಎರಡು ಚಕ್ರದ ಗುರುತಿಗೆ ಅಡ್ಡ ಟೇಪು ಹಿಡಿದ,
ಹೊರ ಅಂಚಿನಿಂದ ಹೊರ ಅಂಚಿಗೆ.
ಮೂರಡಿ ಒಂಬತ್ತಿಂಚು.
“ನಾಲ್ಕಡಿಯದು ತಕೊಳ್ಳಿ.
ನೀವು ಬಂದ ಗುರುತು ನೀವೇ ಅಳಿಸುವಷ್ಟು ಅಗಲ ಸಾಕು.
ಐದಡಿ ತುಂಬ ಮಣ್ಣು ಬಂದರೆ
ನಿಮ್ಮ ಇಪ್ಪತ್ತನಾಲ್ಕೂ ಕುದುರೆ ಮಂಡಿಯೂರುತ್ತವೆ.”

ಮೂಲೆಯಲ್ಲಿ ಇನ್ನೊಂದು ನಾಲ್ಕಡಿಯದಿತ್ತು, ಕಡಿಮೆ ಬೆಲೆಗೆ.
ಮೊಯಿದ್ದಿನಬ್ಬ ಅದರ ಒಂದು ತುದಿ ಎತ್ತಿ ನೋಡಿದ,
ಅರ್ಧ ಟಿಕೆಟಿನ ಮಕ್ಕಳ ವಯಸ್ಸು ಕಣ್ಣಲ್ಲೇ ತೂಗಿದವ.
“ಹಗುರ. ಇದು ನೆಲ ಕಚ್ಚುವುದಿಲ್ಲ, ಕುಣಿಯುತ್ತದೆ.”

ಮತ್ತೆ ಹಲ್ಲಿನ ವಿಚಾರ.
ಮಲ್ಪೆಯ ಹೊಯಿಗೆಯಾದರೆ ಹಲ್ಲೇ ಬೇಡವಂತೆ, ಅಂಚು ಸಾಕು.
ನಮ್ಮದು ಮುರ; ಅಗೆದಾಗ ಮೆದು,
ನಾಲ್ಕು ಬಿಸಿಲು ಕಂಡರೆ ಹಠ.
ಐದು ಹಲ್ಲಿನದೇ ಆಗಬೇಕು,
ಪಿನ್ನು ಎಳೆದರೆ ಮೇಲೆ, ತುರುಕಿದರೆ ಕೆಳಗೆ.
“ನನ್ನ ಸೆಟ್ಟಿನ ಹಾಗೆ” ಎಂದು ಮೊಯಿದ್ದಿನಬ್ಬ
ಹಲ್ಲಿನ ಸೆಟ್ಟನ್ನು ಅರ್ಧ ಹೊರಗೆ ತಳ್ಳಿ ತೋರಿಸಿದ.
ಗ್ರೈಂಡರ್ ಹಿಡಿದ ಹುಡುಗ ನಗುತ್ತ ಸ್ವಿಚ್ಚು ಬಂದ್ ಮಾಡಿದ.

ದುಡ್ಡು ಎಣಿಸುವಾಗ ಇನ್ನೂರು ರೂಪಾಯಿ ವಾಪಸು ಬರಬೇಕಿತ್ತು.
“ಚಿಲ್ಲರೆ ಇಲ್ಲ” ಅಂದ ವಲೇರಿಯನ್.
ಜೀವಮಾನದಲ್ಲಿ ಮೊದಲ ಬಾರಿ
ಮೊಯಿದ್ದಿನಬ್ಬನಿಗೆ ಆ ಮಾತು ಆಚೆ ಕಡೆಯಿಂದ ಕೇಳಿಸಿತು.

ಹೊರಡುವಾಗ ಕಿಟಕಿಯಿಂದ ಕೂಗಿದ:
“ಹ್ವಾಯ್, ಪೂರ ಮಟ್ಟ ಮಾಡಬೇಡಿ!
ಮಟ್ಟದ ದಾರಿಯಲ್ಲಿ ನೀರಿಗೆ ಎತ್ತ ಹೋಗಬೇಕು ಗೊತ್ತಾಗುವುದಿಲ್ಲ,
ಅಲ್ಲೇ ಕೂತು ಹೊಂಡ ತೋಡುತ್ತದೆ.
ನಡುವೆ ಒಂದು ಬೆನ್ನು ಬಿಡಿ.”

ಪಂಜಿಮಾರಿನ ಓಣಿಯಲ್ಲಿ ಮೊದಲ ದಿನ.
ಎದುರು ನೋಡಿಯೇ ಗೊತ್ತಿದ್ದ ಕುತ್ತಿಗೆ
ಈಗ ಇಡೀ ಹೊತ್ತು ಹಿಂದಕ್ಕೆ ತಿರುಗಿರಬೇಕು.
ನಡಿಗೆಗಿಂತ ನಿಧಾನ. ಗೇರು ಒಂದೇ.
ಹಲ್ಲು ಕೆದಕಿದ್ದನ್ನು ಅಂಚು ಬಾಚುತ್ತದೆ,
ಬಾಚಿದ್ದು ಎರಡು ಕೆನ್ನೆಯ ನಡುವೆ ಉರುಳುರುಳಿ ಬರುತ್ತದೆ,
ಹೊಂಡ ಸಿಕ್ಕಲ್ಲಿ ಸದ್ದಿಲ್ಲದೆ ಇಳಿಯುತ್ತದೆ.
ಯಾರೂ ಗಂಟೆ ಹೊಡೆಯಲಿಲ್ಲ, ಯಾರೂ ಟಿಕೆಟು ಕೇಳಲಿಲ್ಲ.
ತಳವಿದ್ದಿದ್ದರೆ ಎಲ್ಲ ಹೊತ್ತುಕೊಂಡೇ ಹೋಗುತ್ತಿದ್ದೆವೋ ಏನೋ.

ಹಿಂದೆ ಕೆಂಪು ಧೂಳಿನಲ್ಲಿ ಮೊಯಿದ್ದಿನಬ್ಬ ನಡೆದು ಬರುತ್ತಾನೆ,
ಉಕ್ಕಿನ ಬೆನ್ನಿಗೆ ಎರಡು ಸಲ ಬಡಿದು “ಪೋಯಿ”,
ಒಂದು ಸಲ ಬಡಿದರೆ “ಉಂತುಲೆ”.
ಗೇಟಿನ ಬಳಿ ಕೊಡೆ ಹಿಡಿದು ನಿಂತಿದ್ದ ಸೆರಾಫಿನ್ ಬಾಯಿ
ಕಣ್ಣಿಗೆ ಕೈ ಅಡ್ಡ ಹಿಡಿದು ಕೇಳಿದರು:
“ಕಾಪುವಿಗೆ ಹೋಗ್ತದಾ?”

“ಹೋಗ್ತದೆ” ಅಂದ ಅವ, “ನಾಡಿದ್ದು ಮುಟ್ಟಬಹುದು.”