ಒಂದು ಎಂದರೆ

ತುಜ್ಲಾ ಊರಿನ ಉಪ್ಪುಕೆರೆಯ ಹಿಂದಿನ ಓಣಿ,
ಮೂರು ಮೆಟ್ಟಿಲು ಇಳಿದರೆ ಚಾಮಿಲನ ಅಂಗಡಿ.
ಇಳಿಯಲಾಗದವರು ಬಂದರೆ ಅವನೇ ಹತ್ತಿ ಬರುತ್ತಾನೆ,
ತುಟಿಯಲ್ಲಿ ಮೊಳೆ ಕಚ್ಚಿಕೊಂಡು.
ಗೋಡೆ ತುಂಬ ಬೂಟು. ಎಣಿಸಿ ನೋಡಿ,
ಎಡಕ್ಕೂ ಬಲಕ್ಕೂ ಲೆಕ್ಕ ತಾಳೆಯಾಗುವುದಿಲ್ಲ.

ಒಂದೊಂದೇ ಮಾರುತ್ತಾನೆ ಅವನು.
ಪ್ಲಮ್ ತೋಟದ ಬೇಲಿಯಲ್ಲಿ, ಕಾಡಿನ ಅಂಚಿನಲ್ಲಿ
ಯುದ್ಧ ಹೂತಿಟ್ಟು ಮರೆತುಹೋದದ್ದನ್ನು
ತುಳಿದವರಿಗೆ.

ನಮ್ಮ ಮಾತಿನಲ್ಲಿ ಕಾಲಿಗೆ ಮೆಟ್ಟುವುದಕ್ಕೆ
ಜೋಡು ಎಂದೇ ಹೆಸರು.
ಅದರಲ್ಲಿ ಒಂದನ್ನು ಏನೆನ್ನಬೇಕೋ
ಬಹಳ ಹೊತ್ತು ಯೋಚಿಸಿದೆ, ಹೊಳೆಯಲಿಲ್ಲ.

ಸೆನಾದಾ ಬಂದಳು, ಹೆಗಲಿಗೆ ಲ್ಯಾಪ್‌ಟಾಪ್ ಚೀಲ.
ಜೇನಿನವರಿಗೆ, ಕಂಬಳಿಯವರಿಗೆ, ತಾಮ್ರದ ಕಾಫಿ ಗಿಂಡಿ ಬಡಿಯುವವರಿಗೆ
ಆನ್‌ಲೈನ್ ಅಂಗಡಿ ಕಟ್ಟಿಕೊಟ್ಟವಳು.
ಸರಕು, ಬೆಲೆ, ಅಳತೆ, ಬಣ್ಣ,
ಬುಟ್ಟಿಗೆ ಹಾಕು, ಹಣ ಕಟ್ಟು.
"ಎರಡು ದಿನದ ಕೆಲಸ," ಅಂದಳು.

ಹನ್ನೊಂದನೆಯ ದಿನಕ್ಕೂ ಮುಗಿಯಲಿಲ್ಲ.

ಬೂಟಿನ ಕೆಳಗೆ 'ಒಂದು' ಎಂದು ಒತ್ತಿದರೆ
ಎರಡು ಎಂದೇ ಹಟ ಹಿಡಿಯಿತು ಬುಟ್ಟಿ.
ಅರ್ಧ ಎಂದರೆ ಕೆಂಪಗೆ ಕಣ್ಣು ಬಿಟ್ಟಿತು.
"ಅರ್ಧ ಅಲ್ಲ ಮಗಳೇ," ಅಂದ ಚಾಮಿಲ,
"ಹಾಕಿಕೊಳ್ಳುವವನಿಗೆ ಅದು ಪೂರ್ತಿ."

ಸರಿ, ಬಿಚ್ಚಿ ಹರವಿದಳು ಕೋಡನ್ನು.
ಬಗ್ಗುವ ಜಾತಿಯದು ಅದು, ನೆನೆಸಿದ ತೊಗಲಿನ ಹಾಗೆ,
ಎಳೆದ ಕಡೆಗೆ ಬಂತು.
ಎಡಕ್ಕೊಂದು ದಾಸ್ತಾನು, ಬಲಕ್ಕೊಂದು.
ಜೋಡಿಯ ಬೆಲೆಯಲ್ಲಿ ಸರಿಯಾಗಿ ಅರ್ಧ,
ಒಂದು ಫೆನಿಂಗ್ ಕೂಡ ಹೆಚ್ಚಿಗೆ ಬೇಡ.
ಕೊಂಡವರ ಮನೆಗೆ ಹೋಗುವ ಡಬ್ಬಿಯ ಮೇಲೆ
ಏನೂ ಬರೆದಿರಬಾರದು.

ಒಂದು ರಾತ್ರಿ ಪರೀಕ್ಷೆಗೆಂದು
ಬಲಗಾಲಿನ ನಲವತ್ತಮೂರನ್ನು ಬುಟ್ಟಿಗೆ ಹಾಕಿದಳು.
ತಟ್ಟನೆ ಕೆಳಗೆ ಮೂಡಿತು:
'ಇದನ್ನು ಕೊಂಡವರು ಇದನ್ನೂ ಕೊಂಡರು.'
ಪಕ್ಕದಲ್ಲಿ ಎಡಗಾಲಿನ ಚಿತ್ರ,
ಮಿರಮಿರ ಪಾಲಿಶು, ಹೂವಿನಂತೆ ಕಟ್ಟಿದ ಲೇಸು.

ಚಾಮಿಲ ಏನೂ ಅನ್ನಲಿಲ್ಲ.
ಒಲೆಗೆ ಕಟ್ಟಿಗೆ ಹಾಕಲು ಎದ್ದ.
ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ಹದಿನಾಲ್ಕು ಸಾಲು. ಅಳಿಸಿದಳು.
ಇನ್ನೂ ಎರಡು ಕಡೆ ಬಚ್ಚಿಟ್ಟುಕೊಂಡಿತ್ತು, ಹುಡುಕಿ ಅಳಿಸಿದಳು.
ಬೆಳಗಿನ ಜಾವ ಕಾಫಿ ಮಾಡಿಕೊಟ್ಟ ಮುದುಕ,
ಸಕ್ಕರೆ ಎರಡು ಉಂಡೆ, ಕೇಳದೆಯೇ.

ಅಂಗಡಿ ತೆರೆಯಿತು.
ಬಲಗಾಲಿನ ನಲವತ್ತಮೂರು ಮೋಸ್ತಾರಿನ ಒಬ್ಬ ಟ್ರಾಮು ರಿಪೇರಿಯವನಿಗೆ,
ಅಲ್ಲ, ಟ್ರಾಮು ಅಲ್ಲಿಲ್ಲ, ಬಸ್ಸು ರಿಪೇರಿಯವನಿಗೆ.
ಎರಡು ವಾರ ಬಿಟ್ಟು ಅದರದೇ ಎಡಗಾಲು
ಬಾನ್ಯಾ ಲೂಕಾದ ರಾದೋಯ್ಕಾ ಎಂಬಾಕೆ
ತಮ್ಮನಿಗೆಂದು ತರಿಸಿಕೊಂಡಳು.
ಒಂದು ಕಾಲಕ್ಕೆ ಆ ಎರಡು ಊರಿನ ನಡುವೆ
ಕಾಗದ ಕೂಡ ಹೋಗುತ್ತಿರಲಿಲ್ಲ.

"ಇಬ್ಬರಿಗೂ ಹೇಳಬಹುದೇನು?" ಕೇಳಿದ ಚಾಮಿಲ.
"ಒಬ್ಬರ ವಿವರ ಇನ್ನೊಬ್ಬರಿಗೆ ತೋರಿಸುವ ಹಾಗಿಲ್ಲ.
ಎಲ್ಲ ಬಗ್ಗುತ್ತದೆ, ಅದೊಂದು ಬಗ್ಗುವುದಿಲ್ಲ."
ಲೇಸಿನ ಪೊಟ್ಟಣ ಒಡೆದ.
ಮೋಸ್ತಾರಿಗೆ ಹೋದದ್ದರ ಜೊತೆಯದು ಒಳಗೇ ಉಳಿದಿತ್ತು.
ಅದನ್ನೇ ಪೋಣಿಸಿದ, ಗಂಟು ಹಾಕದೆ.

ಈಗ ಎಡಗಾಲಿನ ಮೂವತ್ತೊಂಬತ್ತೊಂದು
ಯಾರದೋ ಬುಟ್ಟಿಯಲ್ಲಿ ಇಪ್ಪತ್ತು ರಾತ್ರಿಯಿಂದ ಕೂತಿದೆ.
ಹಣ ಕಟ್ಟುವುದಿಲ್ಲ, ತೆಗೆದುಹಾಕುವುದಿಲ್ಲ.
ನಡುರಾತ್ರಿ ಒಮ್ಮೊಮ್ಮೆ ಬಂದು ನೋಡಿ ಹೋಗುತ್ತಾರೆ.
'ನೀವೇನೋ ಮರೆತಿದ್ದೀರಿ' ಎಂದು
ನೆನಪೋಲೆ ಕಳಿಸಲೇ ಎನ್ನುತ್ತದೆ ತಂತ್ರಾಂಶ.

"ಮರೆತಿದ್ದಾರಂತಾ?" ಚಾಮಿಲ ನಕ್ಕ, ಅಥವಾ ಕೆಮ್ಮಿದ.

ಓಲೆಯನ್ನು ನಿಲ್ಲಿಸಿದಳು.
ಬುಟ್ಟಿ ಖಾಲಿ ಮಾಡುವ ಗಡುವಿನ ಚೌಕದಲ್ಲಿ
ಮೂವತ್ತು ದಿನ ಎಂದಿತ್ತು.
ಅಳಿಸಿ, ಏನೂ ಬರೆಯದೆ, ಉಳಿಸು ಒತ್ತಿದಳು.
ಒಪ್ಪಿಕೊಂಡಿತು.

ಎರಡನೆಯ ಸಾಲಿನಲ್ಲಿದೆ ಆ ಬೂಟು.
ಶುಕ್ರವಾರ ಧೂಳು ಒರೆಸುವಾಗ
ಮೂತಿಯನ್ನು ಬಾಗಿಲ ಕಡೆಗೆ ತಿರುಗಿಸಿಡುತ್ತಾನೆ.