ಇಪ್ಪತ್ತು ನಿಮಿಷ

ಇನ್ನೂರ ಹನ್ನೆರಡನೆಯ ಕಂತು.
ಮಲ್ಪೆಯ ಐಸ್ ಪ್ಲಾಂಟಿನ ಕಚೇರಿಯಲ್ಲಿ
ಕಂಪ್ರೆಸರಿನ ಗುಡುಗಿಗೆ ಅರ್ಧ ಮಾತು ಕೇಳುವುದಿಲ್ಲ,
ಆದರೂ ನೋಡುತ್ತೇವೆ, ನಾನು ಮತ್ತು ಲೋಡಿಂಗಿನ ರುಕ್ಮಯ.
ನಿವೃತ್ತನಾದ ಮೇಲೆ ನಾನು ಇಲ್ಲಿಗೆ ಬರುವುದು ಇದಕ್ಕೇ.

ಕೈಗಡಿಯಾರ ತಿರುಗಿಸಿ ನಾಯಕ
ಮೂರನೆಯ ಸಲ ಹಿಂದಕ್ಕೆ ಹೋಗುತ್ತಾನೆ.
ಮೊದಲ ಸಲ ಅವಳನ್ನು ಬಸ್ಸು ಹತ್ತಗೊಡಲಿಲ್ಲ,
ರಿಕ್ಷಾ ಮಗುಚಿತು.
ಎರಡನೆಯ ಸಲ ಮನೆಯಿಂದಲೇ ಹೊರಡಗೊಡಲಿಲ್ಲ,
ಬಚ್ಚಲಲ್ಲಿ ಕರೆಂಟು ಹೊಡೆಯಿತು.
ಈ ಸಲ ನಡುರಸ್ತೆಯಲ್ಲಿ ತಾನೇ ನಿಂತ, ಕೈ ಚಾಚಿ.
ಬಸ್ಸಿನವ ಅವನನ್ನು ತಪ್ಪಿಸಲು ಹೋಗಿ
ಅವಳಿದ್ದ ಕಡೆಗೇ ತಿರುಗಿಸಿದ.
"ನಾನು ಆಗಲೇ ಹೇಳಿದ್ದೆ," ರುಕ್ಮಯ ಬೀಡಿ ಹೊತ್ತಿಸಿದ,
"ಹಣೆಯಲ್ಲಿ ಬರೆದದ್ದನ್ನು
ಎಂಜಲು ಹಚ್ಚಿ ಒರೆಸ್ಲಿಕ್ಕೆ ಆಗ್ತದಾ?"
ಜಾಹೀರಾತು ಬಂತು. ಸೋಪು. ತೆಂಗಿನೆಣ್ಣೆ.

ಬರೆಯುವ ಕೆಲಸ ನನ್ನದೂ ಆಗಿತ್ತು,
ಹಣೆಯಲ್ಲಲ್ಲ, ಲೆಡ್ಜರಿನಲ್ಲಿ.
ಮೂವತ್ತೊಂದು ವರ್ಷ: ಯಾವ ಬೋಟು, ಎಷ್ಟು ಗಡ್ಡೆ, ಎಷ್ಟು ಬಾಕಿ.
ಒಂದು ಸೆಪ್ಟೆಂಬರಿನ ಪುಟದಲ್ಲಿ ನನ್ನದೇ ದುಂಡಕ್ಷರ:
ಮತ್ಸ್ಯಜ್ಯೋತಿ, ನಲವತ್ತು ಗಡ್ಡೆ,
ಹಳೆ ಬಾಕಿ ಆರುನೂರ ಎಂಬತ್ತು, ಜಮಾ.
ಬರೆಯದೆ ಉಳಿದದ್ದು:
ವಾರಿಜಾಕ್ಷ ತಿಂಗಳಾಯ ಮೇಜಿಗೆ ಕೈಯೂರಿ
"ಬಂದ ಮೇಲೆ ಕೊಡ್ತೇನೆ ಮಾರಾಯ" ಅಂದದ್ದು,
ಕೊಡದೆ ಐಸಿಲ್ಲ ಎಂದು ನಾನು ಅಂದದ್ದು,
ಅವನ ತಮ್ಮ ಸೈಕಲ್ಲಿನಲ್ಲಿ ಕೊಡವೂರಿಗೆ ಹೋಗಿ
ಅತ್ತಿಗೆಯ ಸಾಸಿವೆ ಡಬ್ಬಿಯಿಂದ ದುಡ್ಡು ತಂದದ್ದು.
ಇಪ್ಪತ್ತು ನಿಮಿಷ.
ಅಷ್ಟರಲ್ಲಿ ಅಳಿವೆ ಬಾಯಲ್ಲಿ ನೀರು ಇಳಿದಿತ್ತು.
ಏಳು ಬೋಟು ದಾಟಿಹೋದ ಮರಳುದಿಣ್ಣೆ
ಎಂಟನೆಯದರ ಹೊಟ್ಟೆ ಹಿಡಿಯಿತು.
ಪುಡಿಮಾಡದ ಎರಡು ಗಡ್ಡೆ ದಡದ ಕಡೆ ತೇಲಿ ಬಂದವು,
ಯಾರೂ ಮುಟ್ಟುವ ಮೊದಲೇ ಕರಗಿದವು.

ಇನ್ನೊಂದನ್ನು ಯಾರಿಗೂ ಹೇಳಿಲ್ಲ.
ಅಂದು ಬೆಳಗ್ಗೆ, ಸೈಕಲ್ಲು ಬರುವ ಮೊದಲು,
ಗೇಟಿನ ಬಳಿ ಒಬ್ಬ ಮುದುಕ ನಿಂತಿದ್ದ.
ಆ ಸೆಕೆಗೆ ಸ್ವೆಟರು. ಎಡಗಾಲು ಸ್ವಲ್ಪ ಎಳೆಯುತ್ತಿದ್ದ.
ನನ್ನನ್ನೇ ನೋಡಿದ, ಬಾಯಿ ತೆರೆದ.
"ಏನು ಬೇಕು?" ಗದರಿದೆ.
ಏನೋ ಹೇಳಿ ಹೋದ, ಕ್ರಷರಿನ ಸದ್ದಿಗೆ ಕೇಳಲಿಲ್ಲ.

ಹೋದ ವರ್ಷ ಪ್ಲಾಂಟಿನ ನೆಲದಲ್ಲಿ ಜಾರಿ
ನನ್ನ ಎಡ ಮಂಡಿ ಹೋಯಿತು.
ಚಳಿ ಎಲುಬಿಗೆ ಇಳಿದಿದೆ, ಎಂದರು ಡಾಕ್ಟರು,
ಸ್ವೆಟರು ಬಿಡಬೇಡಿ.

ಇಂದು ನಸುಕಿಗೆ ಎಚ್ಚರವಾಗಿ ಬಂದು ಗೇಟಿನ ಬಳಿ ನಿಂತೆ.
ಕೌಂಟರಿನಲ್ಲಿ ಹೊಸ ಹುಡುಗ
ಯಾರಿಗೋ ಬಾಕಿಯ ಲೆಕ್ಕ ಹೇಳುತ್ತಿದ್ದ.
ಕೊಟ್ಟುಬಿಡು, ಕಾಯಿಸಬೇಡ:
ನಾಲಗೆಯ ಮೇಲೆ ಇಷ್ಟೇ ಇತ್ತು, ತಣ್ಣಗೆ, ಗಡ್ಡೆಯ ಹಾಗೆ.
ಆದರೆ ಬೇಗ ಹೊರಟ ಬೋಟಿಗೆ ಏನು ಕಾದಿದೆಯೋ.
ಕಂತು ನೋಡಿದವನು ನಾನು.

"ಏನು ಬೇಕು?" ಎಂದ ಹುಡುಗ.

"ಕೊಡೆ ಬಿಟ್ಟುಹೋಗಿದ್ದೆ," ಎಂದೆ.
ಕೊಡೆ ನನ್ನ ಕೈಯಲ್ಲೇ ಇತ್ತು.