ಕೊನೆಯ ದಿನಾಂಕ

ಐದೂ ಹತ್ತಕ್ಕೆ ದಿಂಬಿನಡಿ ಫೋನು ಗುಂಯ್‌ಗುಡುತ್ತದೆ,
ಹುಡುಗರು ಬೆಂಕಿಪೊಟ್ಟಣದಲ್ಲಿ ಹಿಡಿದಿಟ್ಟ ಜೀರುಂಡೆ.
ಕೊಟ್ಟಿಗೆ ಒಂದು, ಹಸು ಆರು,
ಹಿಂಡಿ ಎರಡು ಕೆಜಿ, ಬೂಸಾ ಒಂದೂವರೆ,
ಕಬ್ಬಿನ ಸೋಗೆ ಹೊಟ್ಟೆ ತುಂಬ.
ಅಲ್ಲಿ ಅಂಕಿ ಕೇಳಿತ್ತು. ನಾನು ಅಂಕಿ ಕೊಡಲಿಲ್ಲ.

ಅದು ಕೂಗುವ ಮುಂಚೆಯೇ ಚುಕ್ಕಿ
ಗೋದಲಿಗೆ ಕೊಂಬು ತಿಕ್ಕುತ್ತಿರುತ್ತಾಳೆ.
ಅವಳಿಗೆ ಯಾರು ಹಾಕಿಕೊಟ್ಟರೋ ವೇಳಾಪಟ್ಟಿ.

ಕಲಿಸಿದವಳು ಪಶುಸಖಿ ನಸೀಮಾ.
ಕಿರುಗಾವಲಿನಿಂದ ಸ್ಕೂಟಿಯಲ್ಲಿ ಬಂದು
ಜಗಲಿ ಮೇಲೆ ಚಕ್ಕಲಮಕ್ಕಲ ಕೂತು
ಒಂದು ಮಧ್ಯಾಹ್ನ ಪೂರ್ತಿ ನನ್ನ ಹೆಬ್ಬೆರಳು ಹಿಡಿದುಕೊಂಡಳು.
"ಯಾವ ದನ, ಏನು ಮೇವು, ಎಷ್ಟೊತ್ತಿಗೆ,
ಯಾವಾಗಿಂದ ಯಾವಾಗಿನವರೆಗೆ. ಅಷ್ಟೇ ಶಿವನಂಜಕ್ಕ.
ಒಂದು ಸಲ ಬರೆದರೆ ಅದೇ ದಿನಾ ಕೂಗುತ್ತೆ."
ಪುನರಾವರ್ತನೆ ಎಂದಿತ್ತು ಪರದೆಯ ಮೇಲೆ.
ಮೂವತ್ತೊಂದು ವರ್ಷ ಸಗಣಿ ಬಾಚಿದ್ದಕ್ಕೆ
ಇಷ್ಟು ದೊಡ್ಡ ಹೆಸರಿದೆ ಅಂತ ಗೊತ್ತಿರಲಿಲ್ಲ.

ದಿನಾ ಇದೆ. ವಾರಕ್ಕೊಮ್ಮೆ ಇದೆ:
ಸೋಮವಾರ ಎತ್ತಿನ ಹೆಗಲಿಗೆ ನೊಗವಿಲ್ಲ,
ಅವತ್ತು ಬೆಲ್ಲದ ಉಂಡೆ. ಸಲೀಸಾಗಿ ಕೂತಿತು.
ತಿಂಗಳಿಗೊಮ್ಮೆಯೂ ಇದೆ.
ಅಮಾವಾಸ್ಯೆಗೊಮ್ಮೆ ಇಲ್ಲ.
"ಅಲ್ಲಾ ಕಣವ್ವ, ಮಾದಪ್ಪನ ದಿವಸ
ಕಲಗಚ್ಚಿಗೆ ನುಚ್ಚು ಬೆರಸ್ಬೇಕು ನಾನು.
ಇದರೊಳಗೆ ಚಂದ್ರನೇ ಇಲ್ವಾ?"
ನಸೀಮಾ ನಕ್ಕ ರಭಸಕ್ಕೆ ದುಪಟ್ಟಾ ಜಾರಿತು.
"ನಮ್ಮ ಹಬ್ಬಾನೂ ಇದಕ್ಕೆ ಗೊತ್ತಿಲ್ಲ ಅಕ್ಕ.
ನಾವೂ ಮಾಳಿಗೆ ಹತ್ತೇ ನೋಡೋದು."

ಆಮೇಲೆ ಕೊಟ್ಟಿಗೆ ಎರಡು. ಬಂಡೂರು ಟಗರು ಒಂಬತ್ತು,
ಗಿಡ್ಡ ಕಾಲು, ಮಗುಚಿಟ್ಟ ಗುಡಾಣದಂಥ ಮೈ.
ಬಕ್ರೀದಿಗೆಂದು ಮುಂಗಡ ಕೊಟ್ಟು
ಹಿಂದಿನ ಸಂಜೆ ಬಂದು ಒಯ್ಯುತ್ತೇನೆಂದು
ಅತಾವುಲ್ಲಾ ಸಾಬರು ನನ್ನ ಬಳಿಯೇ ಬಿಟ್ಟವು.
ನೆನೆಸಿದ ಹುರುಳಿ, ತಲೆಗೆ ಮುನ್ನೂರು ಗ್ರಾಂ,
ದಿನಾ, ಐದೂ ನಲವತ್ತು.
ಕೆಳಗೊಂದು ಖಾಲಿ ಮನೆ: ಕೊನೆಯ ದಿನಾಂಕ.
ಹಸುಗಳಿಗೆ "ಇಲ್ಲ" ಒತ್ತಿದ್ದೆ, ಯೋಚನೆಯೇ ಮಾಡದೆ.
ಇಲ್ಲಿ ಬೆರಳು ನಿಂತಿತು.
ಕ್ಯಾಲೆಂಡರಿನ ಕೆಂಪು ಅಂಕಿ ಎಣಿಸಿ ನಸೀಮಾ ಹೇಳಿದಳು,
ನಾನು ಒತ್ತಿದೆ.
ಹಸಿರು ಟಿಕ್ಕು ಬಂತು. ಟೀ ಕುಡಿದೆವು.

ಚಂದ್ರ ಒಂದು ದಿನ ತಡವಾಗಿ ಕಂಡ.
ತಿದ್ದಲು ಹತ್ತು ದಿನವಿತ್ತು. ತಿದ್ದಲಿಲ್ಲ.
ನಾಲೆಗೆ ನೀರು ಬಿಟ್ಟಿದ್ದರು, ನಾಟಿಗೆ ಆಳು ಸಿಕ್ಕಿರಲಿಲ್ಲ,
ಹೀಗೆಲ್ಲ ಹೇಳಬಹುದು.

ಆ ಹೆಚ್ಚಿನ ಬೆಳಗು ಐದೂ ನಲವತ್ತಕ್ಕೆ ಫೋನು ಸುಮ್ಮನಿತ್ತು.
ಅದರ ಪ್ರಕಾರ ಕೊಟ್ಟಿಗೆ ಎರಡು ಖಾಲಿ.
ಒಂಬತ್ತು ಮೂತಿ ಅಂಚಿಗೆ ಬಂದು
ಬರೀ ಹಲಗೆ ನೆಕ್ಕಿ ನನ್ನ ಬಾಗಿಲು ನೋಡಿದವು.
ಹುರುಳಿ ರಾತ್ರಿಯೇ ನೆನೆಹಾಕಿದ್ದೆ.
ಯಾವ ಪಟ್ಟಿಯೂ ಕೇಳದೆ ಹಾಕಿದ ಮೇವು
ಅದೊಂದೇ ಇರಬೇಕು ಈ ವರ್ಷ.
ತಿನ್ನುವ ಸದ್ದು ಕೇಳುತ್ತ ನಿಂತೆ,
ಸಣ್ಣ ಜಲ್ಲಿಯ ಮೇಲೆ ಯಾರೋ ನಡೆದ ಹಾಗೆ.
ನಿಂತೇ ಇದ್ದೆ, ಹಾಲಿನ ಡೈರಿಗೆ ಹೊತ್ತಾಗುವವರೆಗೆ.

ಸಂಜೆ ಟೆಂಪೋ ಬಂತು.

ತಿಂಗಳ ಕೊನೆಗೆ ಪರದೆಯ ಮೇಲೆ ಕೆಂಪಕ್ಷರ:
ದಾಸ್ತಾನಿನಲ್ಲಿ ಹುರುಳಿ
ಎರಡು ಕೆಜಿ ಏಳುನೂರು ಗ್ರಾಂ ಕಡಿಮೆ. ಕಾರಣ ಆರಿಸಿ.
ತೇವ. ಇಲಿ. ಕಳವು.
ಕೆಳಗೆ ಎಳೆದು ನೋಡಿದೆ, ಬೇರೆ ಇರಲಿಲ್ಲ.
ಇಲಿ ಎಂದು ಒತ್ತಿದೆ.
ಹುರುಳಿ ಮೂಟೆಯ ಮೇಲೆ ಮಲಗಿದ್ದ ಬೆಕ್ಕು
ಒಂದು ಕಣ್ಣು ತೆರೆದು ನನ್ನನ್ನೇ ನೋಡಿತು.